ಓಗೊಟ್ಟವರು

ಕಾಗದದ ಮೇಲೆ ನಮ್ಮ ಕಂಪನಿ ಐವತ್ತಾರು.
ಕೆಸರಿನ ಮೇಲೆ ನಲವತ್ತೇಳು.
ಉಳಿದ ಒಂಬತ್ತು ಜನ
ನನ್ನ ಶಾಯಿಕುಡಿಕೆಯಲ್ಲಿದ್ದಾರೆ.
ಬಿರಡೆ ಬಿಗಿದು, ಗಾಡಿಯ ಮೂಲೆಯಲ್ಲಿಟ್ಟು
ಸ್ಕೆಲ್ಡ್ ನದಿಗುಂಟ, ಕೊಯ್ದ ಅಗಸೆ ಹೊಲಗಳ ನಡುವೆ
ತುಳುಕದಂತೆ ಒಯ್ಯುತ್ತಿದ್ದೇನೆ.

ಲೀವೆನ್ ಹೂಫ್ಟ್ ನಾನು. ದಂಡಿನ ಕರಣಿಕ.
ಕತ್ತಿಯಿಲ್ಲ. ಹೆಬ್ಬಾತಿನ ಗರಿ ಮೂರು,
ಅವನ್ನು ಹೆರೆಯಲೊಂದು ಚೂರಿ.

ಮೂರು ದಿನ ನಡಿಗೆ, ನಾಲ್ಕನೆಯ ದಿನ ಒಲೆ:
ಇದು ನಮ್ಮ ಪಂಚಾಂಗ.
ಮುಂದೆ ಹೋದವರು ನೆಲ ತೋಡಿ
ಗಾಡಿಯಿಂದ ಇಟ್ಟಿಗೆ ಇಳಿಸಿ ಗೂಡು ಕಟ್ಟಿರುತ್ತಾರೆ.
ಹಿಂದೆ ಹಿಟ್ಟು, ಹಿಟ್ಟಿನ ಹಿಂದೆ ಸೌದೆ,
ಸೌದೆಯ ಹಿಂದೆ ಬೇಲಿ ಕಳೆದುಕೊಂಡ ರೈತನ ಬೈಗುಳ.
ತಲೆಗೊಂದು ರೊಟ್ಟಿ, ಆರು ರಾತಲು.
ತಲೆ ಇಲ್ಲದವನಿಗೂ ಒಂದು,
ಗಿಲ್ಲಿಸ್ ವೆರ್ಬೇಕನಿಗೆ,
ಜುಲೈ ತಿಂಗಳಲ್ಲಿ ಗುಂಡು ಕೊಂಡೊಯ್ದಿತ್ತು ಅದನ್ನು.

ಸತ್ತವರ ಸಂಬಳ ಕ್ಯಾಪ್ಟನನಿಗೆ.
ಅವನ ಕುದುರೆಯ ಓಟ್ಸು, ಅವನ ವಿಗ್ಗಿನ ಪುಡಿ
ಎಲ್ಲ ಅವರ ದುಡಿಮೆ.
ರೊಟ್ಟಿಯನ್ನು ಮಾತ್ರ ಮುಟ್ಟುವುದಿಲ್ಲ ಪುಣ್ಯಾತ್ಮ;
ಪಾಪಭೀತಿಯಲ್ಲ,
ರೈ ರೊಟ್ಟಿ ಅವನ ಹಲ್ಲಿಗೆ ಆಗದು.
ಎಂಟನ್ನು ನಾನು ಮಾರುತ್ತೇನೆ.
ಹೌದು, ಮಾರುತ್ತೇನೆ.
ಒಂಬತ್ತನೆಯದು ಯೋಸಿನೆಯದು.

ಗಾಡಿಗಳ ಹಿಂದೆ ಬಟ್ಟೆ ಒಗೆಯುತ್ತ ಬರುವವಳು.
ನಾಲ್ಕು ದಿನಕ್ಕೊಮ್ಮೆ ಸೆರಗಿನಂತೆ ಮುಂಗಟ್ಟು ಹಿಡಿದು ನಿಂತು
ಒಂದೇ ಮಾತು:
‘ಕೂಗಿದಾಗ ಓಗೊಟ್ಟನೇ ನನ್ನ ಗಂಡ?’
ಕೊಟ್ಟ ಎನ್ನುತ್ತೇನೆ.
ಹೂತ ಜಾಗ ತೋರಿಸಿದವಳು ಅವಳೇ.

ಹಾಜರಿಯ ದಿನ ಡೋಲೇ ಮೇಜು.
ಪಟ್ಟಣದ ತಪಾಸಣೆಯವನು ಕನ್ನಡಕ ಒರೆಸಿಕೊಳ್ಳುತ್ತಾನೆ.
ಎರಡನೆಯ ಸಾಲಿನಲ್ಲಿ ಲಾಯದ ಹುಡುಗ ಬಾವೊ
ಗಿಲ್ಲಿಸನ ಕೋಟಿನೊಳಗೆ, ಬೆರಳು ಕಾಣದಂತೆ ತೋಳು,
ಟೋಪಿ ಇಳಿಯದಂತೆ ಒಳಗೆ ಹುಲ್ಲು.
‘ಗಿಲ್ಲಿಸ್ ವೆರ್ಬೇಕ್!’
‘ಹಾಜರ್!’
ಅರ್ಧ ಹುಂಜ, ಅರ್ಧ ಕರು ಆ ದನಿ.
‘ಮೂವತ್ತೆಂಟರ ಗಂಟಲೇ ಇದು?’
‘ನೆಗಡಿ, ಸ್ವಾಮಿ. ಈ ಸೀಮೆಯ ಮಂಜು.’
ಬಿತ್ತು ಗೀಟು. ಗಿಲ್ಲಿಸ್ ಬದುಕಿದ.

ಅಕ್ಟೋಬರಿನಲ್ಲಿ ರಕ್ತಭೇದಿ.
ಬಾವೊ ಎರಡು ದಿನ ಹುಲ್ಲಿನ ಮೇಲಿದ್ದ,
ಮೂರನೆಯ ದಿನ ಹುಲ್ಲಷ್ಟೇ ಇತ್ತು.
ಪುಸ್ತಕ ಬಿಚ್ಚಿ ಗರಿ ಅದ್ದಿ ಕೂತೆ.
ಎಲ್ಲೂ ಇರಲಿಲ್ಲ ಅವನ ಹೆಸರು.
ಬರೆಯದ್ದನ್ನು ಹೊಡೆದುಹಾಕುವುದು ಹೇಗೆ?
ಗರಿಯ ತುದಿಯಲ್ಲಿ ಶಾಯಿ ಒಣಗಿತು.
ಅವನಿಗೆ ಪಡಿಯೂ ಇರಲಿಲ್ಲ;
ಕುದುರೆಗಳ ಓಟ್ಸನ್ನು ಕದ್ದು ಬೇಯಿಸಿಕೊಳ್ಳುತ್ತಿದ್ದನಂತೆ.
ಎಂಟು ಮಾರಿದ್ದೆ ನಾನು, ವಾರವಾರ, ಒಂದೊಂದು ನಾಣ್ಯಕ್ಕೆ.

ಚಳಿಗಾಲದ ಬಿಡಾರಕ್ಕೆ ಮುಂಚೆ ಕೊನೆಯ ಹಾಜರಿ.
ಹೆಸರು ಬಂತು. ಕೂಗಿದೆ.
ಸಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ.
ಕ್ಯಾಪ್ಟನ್ ಕೈಗವಸು ನೋಡಿಕೊಂಡ.
ಎರಡನೆಯ ಸಲ ಕೂಗಿದಾಗ
ರೊಟ್ಟಿಗಾಡಿಯ ಮರೆಯಿಂದ, ದಪ್ಪಗೆ,
ತಂಬಾಕು ತಿಂದು ಒಡೆದಂಥ ದನಿಯೊಂದು:
‘ಹಾಜರ್.’

ತಪಾಸಣೆಯವನು ತಲೆ ಎತ್ತಿದ.
ಗಾಡಿಯ ಕೆಳಗೆ ಒದ್ದೆ ಲಂಗದ ಅಂಚು,
ಎರಡು ಮರದ ಮೆಟ್ಟು.
ಬಹಳ ಹೊತ್ತು ನೋಡಿದ.
ಆಮೇಲೆ ಗೀಟೆಳೆದ, ನನ್ನ ಗರಿಯಿಂದಲೇ,
ಮುಂದಿನ ಹೆಸರು ಓದು ಅಂದ.

ಸಂಜೆ ಒಲೆ ಒಡೆದರು.
ಆರುವಷ್ಟು ಪುರುಸೊತ್ತು ದಂಡಿಗಿಲ್ಲ;
ಗೋಣಿ ಸುತ್ತಿದ ಕೈಗಳಲ್ಲಿ
ಇಟ್ಟಿಗೆ ಕೈಯಿಂದ ಕೈಗೆ ಗಾಡಿ ಏರಿದವು.
ಮಳೆಹನಿ ಬಿದ್ದಲ್ಲೆಲ್ಲ ಚುಂಯ್ ಎನ್ನುತ್ತಿದ್ದವು.
ಯೋಸಿನೆ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು.
ಲೆಕ್ಕಕ್ಕೆ ಒಂದು ಕಡಿಮೆ.
ನಾನು ಪೂರಾ ಎಂದೇ ಬರೆದೆ.