ಹಾಜರಿ

ಸನ್ನದು ಅಮಾನತಿಗೆ ಅರ್ಜಿ ಬರೆದೆ.
ನಾನೇ ಅರ್ಜಿದಾರಳು, ನಾನೇ ವಕೀಲಳು,
ಆ ಮಟ್ಟಿಗೆ ಅದು ನನ್ನ ಕೊನೆಯ ಕೇಸು.
ಎದುರುದಾರರಿಲ್ಲ, ವಾಯಿದೆ ಇಲ್ಲ.
ಮೂರು ವಾರದಲ್ಲಿ ಉತ್ತರ ಬಂತು,
ಹನ್ನೊಂದು ವರ್ಷಕ್ಕೆ ಒಂದೂವರೆ ಸಾಲು.

ಸಿಕ್ವೇರ ಸರ್ ಓದಿದರು, ಕನ್ನಡಕ ಹಣೆಗೇರಿಸಿ.
"ಸಂಬಳ ಒಂದನೇ ತಾರೀಕಿಗೇ ಬರ್ತದಂತಾ?"
"ಮೂವತ್ತಕ್ಕೇ, ಸರ್."
"ಹಾಗಾದ್ರೆ ಸರಿ" ಎಂದು
ಡ್ರಾವರಿನಿಂದ ಒಂದು ಪೆಪ್ಪರ್‌ಮಿಂಟು ಕೊಟ್ಟರು,
ಕೇಸು ಸೋತ ಕಕ್ಷಿದಾರರಿಗೆ ಕೊಡುವಂಥದ್ದೇ.

ಗುಮಾಸ್ತ ಐತಪ್ಪಣ್ಣ ಮುಖ ಕೊಡಲಿಲ್ಲ.
ಕಡತದ ದಾರ ಬಿಗಿಯುತ್ತ ಗೋಡೆಗೆ ಹೇಳಿದರು:
"ಇನ್ನು ಇವರಿಗೆ ಈ ಮೆಟ್ಟಿಲಿನ ಕೆಲಸ ಇಲ್ಲ."

ಈಗ ಬೈಕಂಪಾಡಿ.
ಬಸ್ಸು ಕೂಳೂರು ಸಂಕ ದಾಟಿದ್ದೇ
ಮೀನೆಣ್ಣೆಯ ವಾಸನೆ ಹತ್ತುತ್ತದೆ, ಟಿಕೇಟಿಲ್ಲದೆ.
ಗೇಟಿನಲ್ಲಿ ಹೆಬ್ಬೆರಳು ಒತ್ತಬೇಕು.
ಹೆಬ್ಬೆಟ್ಟಿನ ಪತ್ರಗಳನ್ನೆಲ್ಲ
ಅನುಮಾನದಿಂದ ಓದುತ್ತಿದ್ದವಳು
ದಿನಕ್ಕೆರಡು ಸಲ ಒತ್ತುತ್ತೇನೆ;
ಮಳೆಗೆ ಬೆರಳು ನೆನೆದು ಸುಕ್ಕಾದರೆ
ಯಂತ್ರ ನನ್ನ ಗುರುತು ಹಿಡಿಯುವುದಿಲ್ಲ.

ಏಸಿ. ಕೂತಲ್ಲಿಗೇ ಚಾ. ಮಧ್ಯಾಹ್ನದ ಊಟ,
ಹೌದು, ಮಧ್ಯಾಹ್ನಕ್ಕೇ.
ಇಲ್ಲಿ ಯಾರೂ ಗೆಲ್ಲುವುದಿಲ್ಲ, ಸೋಲುವುದಿಲ್ಲ,
ಕ್ಲೋಸ್ ಮಾಡುತ್ತಾರೆ.
ಜಪಾನಿಗೆ ಹೋಗುವ ಬೊಂಡಾಸದ ಕರಾರಿನಲ್ಲಿ
ಚಂಡಮಾರುತ, ಯುದ್ಧ, ಮುಷ್ಕರ, ದೈವಾಧೀನ
ಎಲ್ಲ ಒಂದೇ ಕಲಮಿಗೆ ತುರುಕಿದ್ದೇನೆ.
ಯಾವ ದೈವ ಅಂತ ಈವರೆಗೆ ಯಾರೂ ಕೇಳಿಲ್ಲ.
ಸೇಲ್ಸಿನ ಹುಡುಗರು ನನಗಿಟ್ಟ ಹೆಸರು ಹಂಪು.
ಬೇಸರವಿಲ್ಲ. ನಿಧಾನ ಮಾಡದೆ
ಯಾವ ಹಂಪಿಗೆ ಮರ್ಯಾದೆ?

ಆಟಿಯಲ್ಲಿ ರಿಜಿಸ್ಟರ್ಡ್ ಲಕೋಟೆ ಬಂತು.
ಸಿಗಡಿ ವಿಭಾಗದ ಭವಾನಿ ಪುತ್ರನ್,
ರಾತ್ರಿ ಪಾಳಿ, ಬಲಗೈ, ಎರಡು ಬೆರಳು.
ಯಂತ್ರಕ್ಕೆ ಮುಚ್ಚಳ ಇರಲಿಲ್ಲ.
ಮೊದಲ ಸಾಲಿಗೇ ಗೊತ್ತಾಯಿತು:
"ನನ್ನ ಕಕ್ಷಿದಾರಳು ಬಡವಳು, ಆದರೆ ಸುಳ್ಳುಗಾರಳಲ್ಲ."
ಆ ಅಲ್ಪವಿರಾಮವನ್ನು
ನಾನೇ ಎಷ್ಟು ಸಲ ಟೈಪು ಮಾಡಿದ್ದೆ!
ಸಹಿಗೆ ಕಣ್ಣು ಹೋಗುವ ಮೊದಲೇ
ಸರ್ ಕೆಮ್ಮಿದ್ದು ಕೇಳಿತು.

"ಎಷ್ಟಕ್ಕೆ ಮುಗೀತದೆ, ಮೇಡಂ?" ಎಂದರು ಮ್ಯಾನೇಜರು.
ಉತ್ತರ ಬರೆಯಲು ಕಲಿಸಿದ್ದೂ ಅವರೇ:
"ಎಲ್ಲವನ್ನೂ ಅಲ್ಲಗಳೆ. ನಿಜವನ್ನು ಮಾತ್ರ
ಅಲ್ಲಗಳೆಯಬೇಡ, ಅದರ ಬಗ್ಗೆ ಸುಮ್ಮನಿರು."
ಸುಮ್ಮನಿದ್ದೆ. ಮೂರು ಕರಡು ಬರೆದೆ,
ಮೂರರಲ್ಲೂ ಮುಚ್ಚಳ ಎಂಬ ಪದವಿಲ್ಲ.
ನಾಲ್ಕನೆಯದು ಎಂಡಿಯ ಮೇಜಿಗೆ, ಒಳಟಿಪ್ಪಣಿ:
ಖರೀದಿ ಚೀಟಿ ಮಾರ್ಚಿನಿಂದ
ಅಕೌಂಟ್ಸಿನಲ್ಲಿ ಕೂತಿದೆ. ಕೊಟ್ಟುಬಿಡಿ.
ಅಂಚಿನಲ್ಲಿ ಪೆನ್ಸಿಲು: ನೋಡುವ.

ಮೊದಲ ವಾಯಿದೆಗೆ ಹೋದೆ, ಕಂಪೆನಿಯ ಪ್ರತಿನಿಧಿಯಾಗಿ.
ಕೋಟಿಲ್ಲದ ಹೆಗಲಿಗೆ ಸೆಕೆ ಕಡಿಮೆ.
ನಂಬರು ಕರೆದರು, ಸರ್ ಎದ್ದರು.
ನಮ್ಮ ಪರ ಒಬ್ಬ ಎಳೆಯ, ಬ್ಯಾಂಡು ಓರೆ.
ನೋಡಿದ್ದೇ ನನ್ನ ಕೈ ನನ್ನ ಕೊರಳಿಗೆ ಹೋಯಿತು,
ಸರಿಮಾಡಲು; ಸಿಕ್ಕಿದ್ದು ನೀಲಿ ಪಟ್ಟಿ,
ತುದಿಯಲ್ಲಿ ನಗುವ ನನ್ನದೇ ಫೋಟೊ.

ಮಧ್ಯಾಹ್ನಕ್ಕೆ ಮುಂದೆ ಹೋಯಿತು.
ಹಿಂದಿನ ಬೆಂಚಿಗೆ ಬಂದೆ.
ಅಲ್ಲಿ ಕೂತಿರಿ, ಕರೀತೇವೆ, ಎಂದು ನಾನು
ಎಷ್ಟೋ ಜನರಿಗೆ ತೋರಿಸಿದ ಬೆಂಚು;
ಇಷ್ಟು ತಗ್ಗು ಅಂತ ಗೊತ್ತಿರಲಿಲ್ಲ.
ಒಬ್ಬರು ಸರಿದು ಜಾಗ ಮಾಡಿದರು,
ಬಲಗೈ ಸೆರಗಿನೊಳಗೆ.
ನಾನು ಯಾರ ಕಡೆಯವಳೆಂದು ಗೊತ್ತಿತ್ತೋ ಇಲ್ಲವೋ,
ಎಡಗೈಯಿಂದ ಹಲಗೆ ತಟ್ಟಿ ತೋರಿಸಿದರು:
"ಇಲ್ಲೊಂದು ಮೊಳೆ ಎದ್ದಿದೆ. ಜಾಗ್ರತೆ."