ವಾಟ

ಹತ್ತೊಂಬತ್ತು ವರ್ಷ ನಿಂತೇ ದುಡಿದೆ,
ದಾವಣಗೆರೆಯಿಂದ ಜಗಳೂರಿಗೆ, ಜಗಳೂರಿಂದ ದಾವಣಗೆರೆಗೆ,
ಸೊಂಟವನ್ನು ಕಂಬಿಗೆ ಒರಗಿಸಿ
ಕುಣಿಯುವ ನೆಲದ ಮೇಲೆ ಬೀಳದೆ ಟಿಕೆಟ್ ಹರಿದೆ.
ಈಗ ನಲವತ್ತಮೂರಕ್ಕೆ
ಮಂಡಿಯೂರಲು ಕಲಿಯುತ್ತಿದ್ದೇನೆ,
ನಿಟುವಳ್ಳಿಯ ಮೂರನೇ ಅಡ್ಡರಸ್ತೆಯಲ್ಲಿ,
ರಿಟೈರಾದ ನರ್ಸಮ್ಮ ಸರ್ವಮಂಗಳಮ್ಮನವರ ಬಚ್ಚಲಲ್ಲಿ.

ಮಾಲೀಕರು ಬಸ್ಸು ಮಾರಿದ ದಿನ
ಕೈಗೆ ಬಂದದ್ದು ಒಂದೂವರೆ ತಿಂಗಳ ಪಗಾರ.
ನಾನಾಗಿ ಎತ್ತಿಕೊಂಡು ಬಂದದ್ದು
ಹರಿಯದೆ ಉಳಿದ ಟಿಕೆಟ್ಟಿನ ಎರಡು ಕಟ್ಟು.
"ಇದನ್ನೇನ್ ಮಾಡ್ತೀರಿ?" ಅಂದಳು ನಾಗವೇಣಿ.
ಗೊತ್ತಿರಲಿಲ್ಲ.
ಈಗ ಅದರ ಬೆನ್ನಿಗೆ ಲೆಕ್ಕ ಬರೆಯುತ್ತೇನೆ:
ಗೋಡೆ ನೂರ ಮೂವತ್ತಾರು, ನೆಲ ಮೂವತ್ತು,
ಅಡಿಗೆ ಇಪ್ಪತ್ತೆಂಟು.
ಮೂವತ್ತೆರಡು ಅನ್ನಬೇಕೆಂದು ದಾರಿಯುದ್ದಕ್ಕೂ
ಬಾಯಿಪಾಠ ಮಾಡಿಕೊಂಡು ಹೋಗಿದ್ದೆ;
ಆಕೆ ಟೀ ಕೊಟ್ಟರು, ನಾಲಿಗೆ ಜಾರಿತು.

ಅದಕ್ಕೂ ಮೊದಲು ಎಂಟು ತಿಂಗಳು
ಬುಡೇನ್‌ಸಾಬರ ಹಿಂದೆ ಬಕೆಟ್ಟು ಹೊತ್ತೆ.
ವಯಸ್ಸಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವರು.
ನಾನು ಉಸ್ತಾದ್ ಅಂದೆ, ಅವರು ಕಂಡಕ್ಟ್ರೇ ಅಂದರು.
ಹೇಳಿಕೊಟ್ಟದ್ದು ಕಮ್ಮಿ:
"ಕಣ್ಣು ಸುಳ್ಳು ಹೇಳುತ್ತೆ, ರಸಮಟ್ಟ ಹೇಳಲ್ಲ.
ಸುತ್ತಿಗೆ ತಟ್ಟಿ ಕಿವಿ ಕೊಡ್ರಿ.
ಡಬ್ ಅಂತೋ, ಒಳಗೆ ಗಾಳಿ ಕೂತಿದೆ,
ಟಿಕೆಟ್ ತಗೊಳ್ಳದೆ."

ಮೊದಲ ದಿನ, ಒಬ್ಬನೇ.
ಗಾಡಿಯ ಹಿಂದೆ ಸಿಮೆಂಟು, ಮುಂದೆ ಕಟ್ಟರ್,
ಕೊರಳಲ್ಲಿ ದಾರದುಂಡೆ.
ನೂಲು ಹಿಡಿದರೆ ಗೋಡೆಗೆ ಹೊಟ್ಟೆ ಬಂದಿತ್ತು,
ಮೂಲೆ ಅನ್ನುವುದು ಮೂಲೆಯಾಗಿರಲಿಲ್ಲ.
ಹಿಂದೆ ಕಟ್ಟಿದ ಮೇಸ್ತ್ರಿಯನ್ನು ಬಾಯ್ತುಂಬ ಬೈದೆ;
ಆಮೇಲೆ ಹೊಳೆಯಿತು,
ಮುಂದೆ ಯಾರಿಂದಲೋ ಬೈಸಿಕೊಳ್ಳುವವನು ನಾನೇ.

ಎರಡನೇ ಸಾಲಿಗೆ ಮೂರು ಟೈಲ್ಸ್ ಒಡೆದವು.
ನನ್ನ ದುಡ್ಡಲ್ಲೇ ತಂದೆ.
ಬಣ್ಣ ಒಂದು ಕೂದಲೆಳೆ ತಿಳಿ;
ಬಾಗಿಲ ಹಿಂದೆ ಕೂರಿಸಿದೆ.

ಸಂಜೆ ಮಂಡಿಗಳು ಎರಡು ಗುಂಡುಬದನೆ.
ನಾಗವೇಣಿ ಎಣ್ಣೆ ತಿಕ್ಕುತ್ತ ಏನೂ ಕೇಳಲಿಲ್ಲ,
ಮಂಡಕ್ಕಿಯ ಪಕ್ಕ ಒಂದು ಮಿರ್ಚಿ ಹೆಚ್ಚಿಗೆ ಇಟ್ಟಿದ್ದಳು.
ನಿದ್ದೆಯಲ್ಲಿ ನೆಲ ಅಲುಗುವುದು ಇನ್ನೂ ನಿಂತಿಲ್ಲ.
ಬಿಳಿಚೋಡು ಬಂತೆಂದು ದಡಕ್ಕನೆ ಏಳುತ್ತೇನೆ,
ಯಾರನ್ನೋ ಇಳಿಸಲು ಮರೆತ ಹಾಗೆ.

ಆರನೇ ದಿನ ಸಂದಿಗೆಲ್ಲ ಬಿಳಿ ಸಿಮೆಂಟು ತುಂಬಿ
ಒದ್ದೆ ಬಟ್ಟೆಯಲ್ಲಿ ಒರೆಸಿ ನಿಂತಾಗ
ಸರ್ವಮಂಗಳಮ್ಮ ತುಂಬಿದ ಬಕೆಟ್ಟು ತಂದರು.
ಮೂವತ್ತು ವರ್ಷ ಹೆರಿಗೆ ವಾರ್ಡು ಕಂಡ ಕೈ.
"ನೀರು ಹರಿದ್ರೆ ಕೂಸು ಅತ್ತಂಗೆ"
ಅನ್ನುತ್ತಲೇ ಸುರಿದುಬಿಟ್ಟರು.

ನೀರು ನೆಲದಗಲ ಹರಡಿತು.
ನಿಂತಿತು.
ಕಿಂಡಿಯ ಚೂರು ಆಕಾಶ ಅದರಲ್ಲಿ ನಿಂತಿತು,
ನನ್ನ ಉಸಿರೂ.
ನಲ್ಲಿಯ ಮೂಲೆಗೆ ಒಮ್ಮೆ ಹೊರಳಿ,
ಊರು ತಪ್ಪಿ ಇಳಿದ ಮುದುಕಿಯಂತೆ ಅತ್ತಿತ್ತ ನೋಡಿ,
ಆಮೇಲೆ ಮೆಲ್ಲಗೆ, ವಾಟ ಹಿಡಿದು,
ಜಾಲರಿಯ ಕಡೆಗೆ

"ರೈಟ್! ರೈಟ್!"

ಕೂಗಿದವನು ನಾನೇ.
ಗೋಡೆಗೆ ಎರಡೇಟು ಬಡಿದವನೂ ನಾನೇ,
ಅದು ಹಸಿ ಅನ್ನುವುದನ್ನೂ ಮರೆತು.

ಆಕೆ ನಾಲ್ಕು ಸಾವಿರದ ಆರುನೂರ ಐವತ್ತು ಎಣಿಸಿದರು.
ಲೆಕ್ಕಕ್ಕಿಂತ ಎರಡು ರೂಪಾಯಿ ಜಾಸ್ತಿ.
ಚಿಲ್ಲರೆ ಇಲ್ಲ ಅಂದಂದೇ
ಜಗಳೂರು ಸೀಮೆಯೆಲ್ಲ ಬೈಸಿಕೊಂಡವನು
ಜೇಬು ತಡಕಿದೆ, ಗಾಡಿಯ ಡಬ್ಬಿ ತಡಕಿದೆ.
"ಇರ್ಲಿ ಬಿಡಪ್ಪ" ಅಂದರು.
ಬಿಡಲಿಲ್ಲ.

ಒಂದು ಮಾತು ಮಾತ್ರ ಅವರಿಗೆ ಹೇಳಿಲ್ಲ.
ಬಾಗಿಲ ಹಿಂದಿನ ಆ ತಿಳಿಬಣ್ಣದವುಗಳಲ್ಲಿ ಒಂದು
ತಟ್ಟಿದರೆ ಡಬ್ ಅನ್ನುತ್ತದೆ.
ಭಾನುವಾರ ಹೋಗಿ
ಇಳಿಸಿ ಬರಬೇಕು.