ಅಭ್ಯಾಸ ಹದಿನಾಲ್ಕು

ನುಕುಸಿನಿಂದ ಭಾನುವಾರದ ಮೊದಲ ಬಸ್ಸು,
ಚೀಲದಲ್ಲಿ ಎರಡು ರೊಟ್ಟಿ, ಒಂದು ಇಂಗ್ಲಿಷ್ ವ್ಯಾಕರಣ.
ಚಿಕ್ಕಮ್ಮ ಬಾಗಿಲಲ್ಲೇ ಶುರುವಿಟ್ಟುಕೊಳ್ಳುತ್ತಾಳೆ:
ವೆಲ್ಕಮ್ ಟು ಮೊಯ್ನಾಕ್. ಮೈ ನೇಮ್ ಈಸ್ ಉಲ್ಬೊಸಿನ್.
ನಾನು ಪ್ರವಾಸಿ. ಅದು ನಮ್ಮ ಆಟ.
ಒಂದು ವಾರ ಜರ್ಮನಿಯವಳು, ಇನ್ನೊಂದು ವಾರ
ಮಂಡಿನೋವಿನ ಜಪಾನಿ ಮುದುಕ.
ಯಾವ ದೇಶದವರಾದರೂ ಬೂಟು ಕಳಚಿಯೇ ಒಳಗೆ ಬರಬೇಕು.

ಅವಳಿಗೀಗ ಐವತ್ತೊಂಬತ್ತು. ಮಾರ್ಚಿನಲ್ಲಿ
ಗೈಡ್ ಲೈಸೆನ್ಸಿನ ಪರೀಕ್ಷೆ.
ನಮ್ಮ ಮಾತಿನಲ್ಲಿ ಅವನು, ಅವಳು, ಅದು ಎಲ್ಲಕ್ಕೂ
ಒಂದೇ ಪುಟ್ಟ ಶಬ್ದ: ಓಲ್. ಜಗಳವಿಲ್ಲ.
ಪುಸ್ತಕ ಹೇಳುತ್ತದೆ, ಹಡಗು ಹೆಂಗಸು, ಶೀ ಅನ್ನಿ.
ಮರಳಲ್ಲಿ ಕೂತ ತುಕ್ಕುಹಡಗುಗಳ ಕಡೆ ನೋಡಿ
ಚಿಕ್ಕಮ್ಮ ಅಂದಳು: ಅದಕ್ಕೇ ಬಿಟ್ಟು ಹೋದರು ನೋಡು.

ದ ಅವಳಿಗೆ ಕಷ್ಟ. ನಾಲಿಗೆಯ ತುದಿ
ಚಿನ್ನದ ಹಲ್ಲಿಗೆ ತಗಲಿ ಜಾರುತ್ತದೆ.
ಜಗತ್ತಿಗೆಲ್ಲ ಒಂದೇ ಇರುವುದಕ್ಕೆ ದ ಹಚ್ಚಬೇಕು, ಎನ್ನುತ್ತೇನೆ:
ದ ಸನ್, ದ ಮೂನ್, ದ ಸೀ.
ಒಂದೂ ಇಲ್ಲದ್ದಕ್ಕೆ ಏನು ಹಚ್ಚಬೇಕು?
ಪ್ರವಾಸಿಗೆ ಗೊತ್ತಿಲ್ಲ. ಪ್ರವಾಸಿ ಚಹಾ ಕೇಳುತ್ತಾನೆ.

ಪಾಠ ಹದಿನಾಲ್ಕು. ಯೂಸ್ಡ್ ಟು.
ಹಿಂದೆ ಇದ್ದು ಈಗಿಲ್ಲದ್ದಕ್ಕೆ ಒಂದು,
ಈಗ ಒಗ್ಗಿಹೋದದ್ದಕ್ಕೆ ಇನ್ನೊಂದು.
ಎರಡಕ್ಕೂ ಅದೇ ಮಾತಾ?
ಅದೇ ಮಾತು. ಮೊದಲಿಗೊಂದು ಆಮ್ ಬಂದರೆ
ಒಗ್ಗಿದೆ ಅಂತ. ಬಾರದಿದ್ದರೆ
ಹೋಗಿದೆ ಅಂತ.
ಕನ್ನಡಕ ತೆಗೆದು ಒರೆಸಿಕೊಂಡಳು.
ಜಿಪುಣರು ಕಣೇ ಇಂಗ್ಲಿಷರು, ಅಂದಳು.

ಹತ್ತು ವಾಕ್ಯ ಬರೆ ಎಂದೆ. ಬರೆದಳು,
ಕಾರ್ಖಾನೆಯ ಹಾಜರಿ ಪುಸ್ತಕದ ದುಂಡು ಅಕ್ಷರದಲ್ಲಿ:
ನನ್ನ ಜಡೆ ಮೊಣಕಾಲು ಮುಟ್ಟುತ್ತಿತ್ತು.
ಮೀನಿನ ಡಬ್ಬಿಗೆ ನಾನು ಮುಚ್ಚಳ ಹಾಕುತ್ತಿದ್ದೆ.
ಎಷ್ಟು ಸೋಪು ತಿಕ್ಕಿದರೂ ಕೈ ನಾರುತ್ತಿತ್ತು.
ಬೆಕ್ಕುಗಳಿಗೆ ನಾನೆಂದರೆ ಪ್ರೀತಿ.
ಇದು ವರ್ತಮಾನವಾಯಿತಲ್ಲ, ಎಂದೆ.
ಬೆಕ್ಕುಗಳು ಇನ್ನೂ ಮರೆತಿಲ್ಲವಂತೆ.
ನೀರು ಹೋದಮೇಲೆ ಮೀನು ರೈಲಿನಲ್ಲಿ ಬರುತ್ತಿತ್ತು,
ಕಲ್ಲಿನಂತೆ ಹೆಪ್ಪುಗಟ್ಟಿ, ಬೇರೆ ಯಾರದೋ ಸಮುದ್ರದಿಂದ.
ಒರಾಝಿಂಬೆಟ್ ಗೊರಕೆ ಹೊಡೆಯುತ್ತಿದ್ದ.
ಅದರ ಕೆಳಗೆ, ಹುಡುಕಿ ಸೇರಿಸಿದ ಆಮ್ ಜೊತೆ:
ನಿಶ್ಶಬ್ದಕ್ಕೆ ಒಗ್ಗಿದ್ದೇನೆ.
ಕೊನೆಯದು:
ದೇರ್ ಈಸ್ ಯೂಸ್ಡ್ ಟು ಬಿ ಎ ಸೀ.

ಈಸ್ ತೆಗೆ, ಎಂದೆ. ಅರ್ಧ ಅಂಕ ಕಡಿಯುತ್ತಾರೆ.
ತೆಗೆದಳು. ರಬ್ಬರು ಒತ್ತಿ ತಿಕ್ಕಿದ್ದಕ್ಕೆ
ಕಾಗದ ಸವೆದು ಮೇಜಿನ ಬಣ್ಣ ಕಂಡಿತು.
ಪುಡಿಯನ್ನು ಅಂಗೈಗೆ ಗುಡಿಸಿ ಒಲೆಗೆ ಹಾಕಿದಳು.
ಈ ಊರಲ್ಲಿ ಯಾರೂ ಧೂಳು ಊದುವುದಿಲ್ಲ,
ಗಾಳಿ ತರುವ ಉಪ್ಪೇ ಬೇಕಾದಷ್ಟಿದೆ.

ಊಟವಾದ ಮೇಲೆ ಜಪಾನಿ ಮುದುಕ
ಪುಸ್ತಕದಲ್ಲಿಲ್ಲದ್ದು ಕೇಳಿದ:
ವಾಟ್ ಡಸ್ ಯುವರ್ ನೇಮ್ ಮೀನ್?
ಗಂಡಾಗಲಿ, ಅಂದಳು ನಮ್ಮ ಮಾತಿನಲ್ಲಿ.
ನಾಲ್ಕು ಹೆಣ್ಣಾದ ಮೇಲೆ ಐದನೆಯವಳಿಗೆ ಅಪ್ಪ ಇಟ್ಟದ್ದು.
ಇಂಗ್ಲಿಷಲ್ಲಿ ಹೇಗೆ? ಭೂತವೋ, ಭವಿಷ್ಯವೋ?
ಆಗಲಿ, ಇರಲಿ, ಬರಲಿ, ಇವೆಲ್ಲ
ಪಾಠ ಮೂವತ್ತೊಂದರಲ್ಲಿ ಬರುತ್ತವೆ, ಎಂದೆ.
ಪರೀಕ್ಷೆಗಿವೆಯಾ?
ಇಲ್ಲ.
ಹಾಗಾದರೆ ಬಿಡು, ಎನ್ನುತ್ತ
ಮೂವತ್ತೊಂದರ ಪುಟದ ಮೂಲೆ ಮಡಚಿಟ್ಟಳು.

ಸಂಜೆ ಬಸ್ಸಿನ ತನಕ ಬಂದಳು, ಶಾಲು ಬಿಗಿಮಾಡಿಕೊಂಡು.
ಕೈಯೆತ್ತಿ ಬಾಗಿಲು ತೋರಿಸಿದಳು:
ದಿಸ್ ವೇ, ಪ್ಲೀಸ್. ವಾಚ್ ಯುವರ್ ಸ್ಟೆಪ್.
ಡ್ರೈವರ್ ನಕ್ಕ.
ಕಮ್ ಅಗೇನ್ ಅಂದದ್ದು ಪ್ರವಾಸಿಗೋ ನನಗೋ
ಕೇಳೋಣ ಅನ್ನುವಷ್ಟರಲ್ಲಿ ಬಸ್ಸು ಹೊರಟಿತು.
ದಿಸ್ ಅನ್ನುವಲ್ಲಿ ದ
ಈ ಸಲ ಜಾರಲಿಲ್ಲ.